ಶ್ರೂಡ್ ಎಂದರೆ ಬೈಗುಳವೇ?

ಕೆಲವು ವರ್ಷಗಳ ಹಿಂದೆ ಸಹೋದ್ಯೋಗಿಯೊಬ್ಬರು ನನ್ನನ್ನು ಇನ್ನೊಬ್ಬರಿಗೆ ಪರಿಚಯಿಸುತ್ತಾ ‘ಇವರು ಬಹಳ ಶ್ರೂಡ್’ ಎಂದರು. ನಾನು ಹಲ್ಲು ಕಿರಿದೆ, ಒಳಗೆ ಮಾತ್ರ ಕುದಿಯುತ್ತಿದ್ದೆ. ಈ ಇಂಗ್ಲಿಷ್ ಪದಕ್ಕೆ ಶಾಲೆಯಲ್ಲಿ ನಾನು ಬಾಯಿಪಾಠ ಮಾಡಿದ್ದ ಅರ್ಥ ‘ಕುತಂತ್ರಿ’. ಎರಡು ದಿನ ಅವರೊಂದಿಗೆ ಮುಖ ಕೊಟ್ಟು ಮಾತನಾಡಲಿಲ್ಲ. ಮೂರನೆಯ ದಿನ ನಿಘಂಟು ತೆರೆದೆ. ಪಾಪ, ಆ ಮನುಷ್ಯ ಹೊಗಳಿದ್ದರು.

ತಪ್ಪು ಪೂರ್ತಿ ನನ್ನದಲ್ಲ ಎಂದು ಈಗಲೂ ವಾದಿಸುತ್ತೇನೆ. ಈ ಪದದ ಜಾತಕವೇ ಅಂಥದ್ದು. ಮಧ್ಯಕಾಲದ ಇಂಗ್ಲಿಷಿನಲ್ಲಿ ‘ಶ್ರೂ’ ಎಂದರೆ ದುಷ್ಟ, ಅದರಿಂದ ಹುಟ್ಟಿದ ಶ್ರೂಡ್ ಎಂದರೆ ಕೇಡಿನ, ಕೆಟ್ಟ. ಸುಂಡಿಲಿಗೂ ‘ಶ್ರೂ’ ಎಂದೇ ಹೆಸರು. ಅದು ಕಚ್ಚಿದರೆ ವಿಷವೇರುತ್ತದೆ ಎಂದು ಜನ ನಂಬಿದ್ದರು. 16ನೆಯ ಶತಮಾನದ ಹೊತ್ತಿಗೆ ಪದಕ್ಕೆ ತಂತ್ರಗಾರಿಕೆಯ ಅರ್ಥ ಅಂಟಿತು, ಬರಬರುತ್ತಾ ಅದು ಚುರುಕುಬುದ್ಧಿಯ ಪ್ರಶಂಸೆಯಾಯಿತು.

‘ಕನ್ನಿಂಗ್’ ಎಂಬ ಇನ್ನೊಂದು ಇಂಗ್ಲಿಷ್ ಪದ ನಡೆದದ್ದು ಇದಕ್ಕೆ ತೀರ ಎದುರು ದಿಕ್ಕಿನಲ್ಲಿ. ಅದರ ಮೂಲಾರ್ಥ ತಿಳಿವು. ಒಂದು ಕಾಲದಲ್ಲಿ ಕಸುಬಿನಲ್ಲಿ ನುರಿತವನನ್ನು, ಓದು ಬಲ್ಲವನನ್ನು ಹಾಗೆ ಕರೆಯುತ್ತಿದ್ದರು. ಈಗ ಅದು ನರಿಯ ಪಾಲಾಗಿದೆ. ತಮಾಷೆಯೆಂದರೆ ಸಂಸ್ಕೃತದ ‘ಜ್ಞಾ’ ಧಾತುವಿಗೂ ಅದಕ್ಕೂ ಬೇರು ಒಂದೇ. ಆ ಲೆಕ್ಕದಲ್ಲಿ ನಮ್ಮ ‘ಜಾಣ’ ಅದಕ್ಕೆ ದೂರದ ದಾಯಾದಿ. ಜಾಣ ಮಾನ ಉಳಿಸಿಕೊಂಡಿದ್ದಾನೆ, ನಿಜ. ಆದರೆ ಜಾಣಕುರುಡು, ಜಾಣಮರೆವು ಎಂದಾಗ ನಾವು ಯಾರನ್ನೂ ಹೊಗಳುತ್ತಿರುವುದಿಲ್ಲ.

ಹಾಗಾದರೆ ಇಂದಿನ ಶ್ರೂಡ್ ಯಾರು? ನನಗೆ ತೋರುವಂತೆ, ಎದುರಿನವರು ಹೇಳದೆ ಬಿಟ್ಟಿದ್ದನ್ನೂ ಕೇಳಿಸಿಕೊಳ್ಳುವವರು. ಒಪ್ಪಂದದ ಹತ್ತು ಪುಟಗಳಲ್ಲಿ ತಮಗೆ ಮುಳುವಾಗುವ ಒಂದು ಸಾಲಿನ ಮೇಲೆ ನೇರವಾಗಿ ಬೆರಳಿಡುವವರು. ಅವರಿಗೆ ಮೋಸ ಮಾಡುವುದು ಕಷ್ಟ, ಅಷ್ಟೇ. ಅವರು ಬೇರೆಯವರಿಗೆ ಮೋಸ ಮಾಡುತ್ತಾರೆಯೇ ಎಂಬ ಬಗ್ಗೆ ಪದ ಬಾಯಿ ಬಿಡುವುದಿಲ್ಲ. ಸಜ್ಜನರೆಂಬ ಪ್ರಮಾಣಪತ್ರವನ್ನೂ ಕೊಡುವುದಿಲ್ಲ. ಅದರ ಹತ್ತಿರದ ನೆಂಟ ‘ಆಸ್ಟ್ಯೂಟ್’ ಸ್ವಲ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟಿರುತ್ತದೆ. ವಿಮರ್ಶಕರ ಒಳನೋಟಕ್ಕೆ ಅದು ಒಪ್ಪುತ್ತದೆ. ವ್ಯಾಪಾರ, ಚೌಕಾಸಿ, ಹಣ ಹೂಡಿಕೆ ಎಂದರೆ ಶ್ರೂಡ್ ಹಾಜರು.

ಕನ್ನಡಕ್ಕೆ ತರುವಾಗ ನನ್ನ ಪಾಡು ಕೇಳಬೇಡಿ. ‘ಚಾಣಾಕ್ಷ’ ಹತ್ತಿರದ್ದೇ, ಆದರೆ ರಾಜಕಾರಣಿಗಳಿಗೆ ತೊಡಿಸಿ ತೊಡಿಸಿ ಅದರ ಬಣ್ಣ ಹೋಗಿದೆ. ‘ಚಾಲಾಕಿ’ ಎಂದರೆ ಜೇಬು ಮುಟ್ಟಿ ನೋಡಿಕೊಳ್ಳಬೇಕೆನಿಸುತ್ತದೆ. ‘ಬುದ್ಧಿವಂತ’ ತೀರ ಸಪ್ಪೆ. ವ್ಯಾಪಾರಿಯ ವಿಷಯ ಬಂದಾಗ ‘ಪಕ್ಕಾ ವ್ಯವಹಾರಸ್ಥ’ ಎಂದು ಬರೆದು ಬಚಾವಾಗುತ್ತೇನೆ. ಹೊಗಳಿಕೆ, ಗುಮಾನಿ ಎರಡೂ ಅದರಲ್ಲಿ ಇಣುಕುತ್ತವೆ. ಆದರೆ ಇಂಗ್ಲಿಷಿನವರು ಊಹೆಗೂ ಈ ವಿಶೇಷಣ ಹಚ್ಚುತ್ತಾರಲ್ಲ, ‘ಶ್ರೂಡ್ ಗೆಸ್’ ಎಂದು! ಚಾಣಾಕ್ಷ ಊಹೆ ಎಂದು ಬರೆದು ಮೂರು ಸಲ ಹೊಡೆದುಹಾಕಿದೆ. ಸದ್ಯಕ್ಕೆ ‘ಗುರಿ ತಪ್ಪದ ಊಹೆ’ ಎಂದು ಇಟ್ಟಿದ್ದೇನೆ. ನಿಮಗೆ ಇದಕ್ಕಿಂತ ಒಳ್ಳೆಯದು ಹೊಳೆದರೆ ತಿಳಿಸಿ, ಪುಟ ಇನ್ನೂ ಅಚ್ಚಿಗೆ ಹೋಗಿಲ್ಲ.