ಓಡಿದರೆ ಖಿನ್ನತೆಯ ಮಾತ್ರೆ ಬಿಡಬಹುದೇ?

ದಿನಾ ಅರ್ಧ ಗಂಟೆ ಓಡಿ, ಖಿನ್ನತೆಯ ಮಾತ್ರೆ ಬಿಟ್ಟುಬಿಡಿ ಎನ್ನುವ ಸಂದೇಶ ವಾಟ್ಸಾಪ್‌ನಲ್ಲಿ ಆಗಾಗ ಬರುತ್ತಲೇ ಇರುತ್ತದೆ. ಮೊದಲರ್ಧದಲ್ಲಿ ಹುರುಳಿದೆ. ಓಟ, ನಡಿಗೆ, ಯೋಗದಿಂದ ಖಿನ್ನತೆ ತಗ್ಗುತ್ತದೆ ಎಂದು ಹಲವು ಅಧ್ಯಯನಗಳು ಹೇಳಿವೆ. ಮಾತ್ರೆ ಬಿಡಿ ಅನ್ನೋದು ಮಾತ್ರ ತಪ್ಪು.

2023ರಲ್ಲಿ ಪ್ರಕಟವಾದ ನೆದರ್‌ಲ್ಯಾಂಡ್ಸ್‌ನ ಅಧ್ಯಯನವನ್ನೇ ನೋಡಿ. ಖಿನ್ನತೆ ಅಥವಾ ಆತಂಕದ ಕಾಯಿಲೆ ಇದ್ದ 141 ಜನ, 16 ವಾರ. ಓಡಿದವರಲ್ಲೂ ಮಾತ್ರೆ ತಗೊಂಡವರಲ್ಲೂ ಚೇತರಿಸಿಕೊಂಡವರು ಶೇ 44ರ ಆಸುಪಾಸು. ಆದರೆ ಹೆಚ್ಚಿನವರು ಚಿಕಿತ್ಸೆಯನ್ನು ತಾವೇ ಆರಿಸಿಕೊಂಡಿದ್ದರು, ಹಾಗಾಗಿ ಈ ಹೋಲಿಕೆ ಪೂರ್ತಿ ಸಮವಲ್ಲ. ಮಾತ್ರೆಯನ್ನು ಶೇ 82 ಜನ ಸರಿಯಾಗಿ ಪಾಲಿಸಿದರು, ಓಟವನ್ನು ಶೇ 52 ಜನ. ಅದೂ ಮೇಲ್ವಿಚಾರಕರ ಜೊತೆ, ಗುಂಪಿನಲ್ಲಿ! ಹಾಸಿಗೆ ಬಿಟ್ಟು ಏಳಲೂ ಆಗದವರಿಗೆ ಶೂ ಲೇಸ್ ಕಟ್ಟೋದೂ ಕಷ್ಟ, ಅಲ್ವಾ?

ಕಳಿಸುವವರ ಕಾಳಜಿ ನಿಜವೇ. ಸುಮ್ನೆ ಒಂದು ಸಲ ಪರೀಕ್ಷಿಸಿ: ಅಧ್ಯಯನ ಯಾವ ವರ್ಷದ್ದು, ಎಷ್ಟು ಜನರ ಮೇಲೆ, ಅವರ ಕಾಯಿಲೆ ಎಷ್ಟು ಜಾಸ್ತಿ ಇತ್ತು? ವೈದ್ಯಕೀಯ ಅಧ್ಯಯನಗಳನ್ನು ಹುಡುಕುವ ಜಾಲತಾಣ ಪಬ್‌ಮೆಡ್‌ನಲ್ಲಿ ಸಾರಾಂಶ ಪುಕ್ಕಟೆ ಸಿಗುತ್ತದೆ. ಮಾತ್ರೆ ನಿಲ್ಲಿಸಿ ಎಂದು ಅಲ್ಲಿದೆಯಾ, ಹುಡುಕಿ.

ಮಾತ್ರೆ ಥಟ್ಟನೆ ಬಿಟ್ಟರೆ ತಲೆಸುತ್ತು, ನಿದ್ದೆಗೇಡು, ಕಿರಿಕಿರಿ ಆಗಬಹುದು, ಕಾಯಿಲೆ ಮರುಕಳಿಸಲೂಬಹುದು. ವೈದ್ಯರು ಮಾತ್ರೆಯ ಪ್ರಮಾಣವನ್ನು ನಿಧಾನವಾಗಿ ಇಳಿಸುತ್ತಾರೆ. ಅಲ್ಲಿಯವರೆಗೆ ಓಡಲು ಅಡ್ಡಿಯೇನಿಲ್ಲ.