ಸಂಬಳಕ್ಕೊಂದು ಲ್ಯಾಕ್ಟೋಮೀಟರ್

ಹೋದ ಭಾನುವಾರ ಬೆಳಗ್ಗೆ ಏಳಕ್ಕೇ ಅಕ್ಕನ ಫೋನ್ ಬಂತು. ಅಷ್ಟು ಹೊತ್ತಿಗೇ ಫೋನ್ ಬಂದರೆ ಯಾರೋ ಹೋಗಿಬಿಟ್ಟರು ಅಂತಲೇ ಅರ್ಥ. ಅಕ್ಕನ ಧ್ವನಿಯೂ ಹಾಗೇ ಇತ್ತು.

"ಬೇಗ ಬಾರೋ. ನಮ್ಮ ಹುಡುಗ ಏನೇನೋ ಮಾತಾಡ್ತಿದಾನೆ."

"ಏನಂತೆ? ಹುಡುಗಿ ವಿಷಯಾನಾ?"

"ಹಾಗಿದ್ದಿದ್ರೆ ಹೇಗೋ ಸುಧಾರಿಸಬಹುದಿತ್ತು." ಅಕ್ಕ ಧ್ವನಿ ತಗ್ಗಿಸಿದಳು. "ಅವನಿಗೆ ಅವನ ಕೆಲಸ ಇಷ್ಟ ಅಂತೆ ಕಣೋ."

ಹನುಮಂತನಗರದ ಮನೆ ತಲುಪಿದಾಗ ಭಾವ ವರಾಂಡದಲ್ಲಿ ಸ್ಕ್ಯಾನಿಂಗ್ ರಿಪೋರ್ಟಿಗೆ ಕಾಯುವವರ ಹಾಗೆ ಕೂತಿದ್ದರು. ಪಕ್ಕದ ಮನೆ ಆಂಟಿ ಆಗಲೇ ಬಂದು, ಉಪ್ಪಿಟ್ಟು ತಿಂದು, ಸಮಾಧಾನ ಹೇಳುತ್ತಿದ್ದರು. "ಈ ವಯಸ್ಸಲ್ಲಿ ಹೀಗೆಲ್ಲ ಆಗುತ್ತೆ ಬಿಡಿ. ನಮ್ಮ ತಮ್ಮನ ಮಗನಿಗೂ ಆಗಿತ್ತು. ಫ್ಲ್ಯಾಟ್ ತಗೊಂಡ, ಇಎಂಐ ಶುರುವಾಯ್ತು, ಪೂರ್ತಿ ವಾಸಿಯಾಯ್ತು."

ರೋಗಿಯ ವಿವರ ಇಷ್ಟು. ವಯಸ್ಸು 28. ಜಯನಗರದಲ್ಲಿ ಇಪ್ಪತ್ತು ಜನರ ಒಂದು ಸಣ್ಣ ಕಂಪನಿಯಲ್ಲಿ ಕೆಲಸ. ಹಳ್ಳಿಯ ಹಾಲಿನ ಡೈರಿಗಳಿಗೆ ಸಾಫ್ಟ್‌ವೇರ್ ಮಾಡುತ್ತಾರೆ. ರೈತರು ಕ್ಯಾನ್ ತಂದು ಸುರಿದ ಕೂಡಲೇ ಹಾಲಿನ ಅಳತೆ, ಫ್ಯಾಟ್, ಎಸ್‌ಎನ್‌ಎಫ್ (ಫ್ಯಾಟ್ ಬಿಟ್ಟು ಹಾಲಲ್ಲಿ ಉಳಿಯುವ ಗಟ್ಟಿ ಅಂಶ), ದುಡ್ಡು ಎಷ್ಟು ಅಂತ ಚೀಟಿ ಬರಬೇಕು. ನಮ್ಮ ಹುಡುಗ ತಿಂಗಳಿಗೆ ನಾಲ್ಕೈದು ಸಲ ಬೆಳಗಿನ ಜಾವ ಎದ್ದು ಮದ್ದೂರಿಗೋ ಮಾಲೂರಿಗೋ ಹೋಗಿ ಡೈರಿ ಮುಂದೆ ನಿಲ್ಲುತ್ತಾನೆ. ಚೀಟಿಯ ಅಕ್ಷರ ಚಿಕ್ಕದಾಯ್ತು ಅಂತ ಒಬ್ಬ ಅಜ್ಜಿ ಬೈದರೆ ಸಂಜೆಯೊಳಗೆ ದೊಡ್ಡದು ಮಾಡುತ್ತಾನೆ. ಮಾರನೇ ವಾರ ಅದೇ ಅಜ್ಜಿ ಅವನಿಗೆ ಅಕ್ಕಿರೊಟ್ಟಿ ಕೊಡುತ್ತಾರೆ. ವರ್ಷಕ್ಕೆ 9 ಲಕ್ಷ.

ಈಗ ಬೆಳ್ಳಂದೂರಿನ ಕಡೆಯ ಒಂದು ದೊಡ್ಡ ಕಂಪನಿ 14 ಲಕ್ಷ ಕೊಡ್ತೀವಿ ಅಂದಿದೆ. ಅಲ್ಲಿ ಇವನ ಕೆಲಸ ಏನು? ಯಾವುದೋ ದೂರದೇಶದ ಆಪ್‌ನಲ್ಲಿ 'ಕ್ಯಾನ್ಸಲ್' ಅನ್ನುವ ಬಟನ್ ಗಿರಾಕಿಗಳಿಗೆ ಬೇಗ ಸಿಗದ ಹಾಗೆ ನೋಡಿಕೊಳ್ಳುವ ತಂಡ. ನಾನು ತಮಾಷೆ ಅಂದುಕೊಂಡೆ. ಅಲ್ಲವಂತೆ. ಹನ್ನೊಂದು ಜನರ ತಂಡವಂತೆ.

"ಇಷ್ಟ ಅನ್ನೋದೆಲ್ಲ ನಮ್ಮ ಕಾಲದಲ್ಲಿ ಇರ್ಲಿಲ್ಲಪ್ಪ," ಭಾವ ಶುರು ಮಾಡಿದರು. "ಮೂವತ್ತೈದು ವರ್ಷ ಬ್ಯಾಂಕಲ್ಲಿದ್ದೆ. ಒಂದು ದಿನ ಇಷ್ಟಪಟ್ಟಿದ್ದು ನೆನಪಿಲ್ಲ. ಮನೆ ಕಟ್ಟಿಸಿಲ್ವಾ?"

ಇದು ನಿಜ. ಆದರೆ ಇದೇ ಭಾವ ರಿಟೈರ್ ಆದಮೇಲೆ ಬೀದಿಯ ಗಣೇಶೋತ್ಸವ ಸಮಿತಿಗೆ ಖಜಾಂಚಿ. ಪೈಸೆ ಸಂಬಳ ಇಲ್ಲ. ಚಂದಾ ಲೆಕ್ಕದಲ್ಲಿ 40 ರೂಪಾಯಿ ವ್ಯತ್ಯಾಸ ಬಂತು ಅಂತ ರಾತ್ರಿ ಒಂದು ಗಂಟೆವರೆಗೆ ಕೂತು, ಸಿಕ್ಕಾಗ ಅಕ್ಕನನ್ನು ಎಬ್ಬಿಸಿ ತೋರಿಸಿದ್ದಾರೆ. ನಾನು ಅದನ್ನು ಅಲ್ಲಿ ಎತ್ತಲಿಲ್ಲ. ಉಪ್ಪಿಟ್ಟು ಇನ್ನೂ ಬರಬೇಕಿತ್ತು.

ಅಕ್ಕನ ಚಿಂತೆ ಬೇರೆ. ಹುಡುಗನ ಜಾತಕ ಮೂರು ಕಡೆ ಹೋಗಿದೆ. ಬೆಂಗಳೂರಲ್ಲಿ ಈಗ ನಕ್ಷತ್ರಕ್ಕಿಂತ ಮುಂಚೆ ಪ್ಯಾಕೇಜ್ ಕೇಳುತ್ತಾರೆ. ಮೂಲಾ ನಕ್ಷತ್ರ ಆದರೂ ನಡೆಯುತ್ತೆ, ಸಿಂಗಲ್ ಡಿಜಿಟ್ ನಡೆಯಲ್ಲ. "ಬಯೋಡೇಟಾದಲ್ಲಿ ಏನಂತ ಬರೀಲಿ? ವರಮಾನ 9 ಲಕ್ಷ, ಜೊತೆಗೆ ಅಕ್ಕಿರೊಟ್ಟಿ ಅಂತ ಬರೀಲಾ?"

ಇಷ್ಟು ಹೊತ್ತು ಸುಮ್ಮನಿದ್ದ ಹುಡುಗ ಆಫರ್ ಲೆಟರ್ ತಂದು ಟೀಪಾಯ್ ಮೇಲಿಟ್ಟ. "ಮಾಮ, ಡೈರಿಯಲ್ಲಿ ನಾವು ಹಾಲಿನ ಬಣ್ಣ ನೋಡಿ ದುಡ್ಡು ಕೊಡಲ್ಲ. ಅಳೀತೀವಿ. ಇದನ್ನೂ ಅಳೆಯೋಣ್ವಾ?"

ಪೆನ್ನು ತಗೊಂಡ. ಆ 14 ಲಕ್ಷದೊಳಗೇ ಜಾಯಿನಿಂಗ್ ಬೋನಸ್ 1 ಲಕ್ಷ. ಒಂದು ಸಲಕ್ಕೆ ಮಾತ್ರ, ವರ್ಷದೊಳಗೆ ಬಿಟ್ಟರೆ ವಾಪಸ್ ಕೊಡಬೇಕು. "ಇದು ಪಕ್ಕದ ಮನೆಯಿಂದ ಕಡ ತಂದ ಹಾಲು." ವೇರಿಯಬಲ್ ಪೇ 1,40,000. ಕಂಪನಿ ಚೆನ್ನಾಗಿ ಮಾಡಿದರೆ, ತಂಡ ಚೆನ್ನಾಗಿ ಮಾಡಿದರೆ, ಮ್ಯಾನೇಜರ್ ಮನಸ್ಸು ಮಾಡಿದರೆ ಬರುತ್ತೆ. ಮುಂಗಾರಿನ ಹಾಗೆ. ಕೆಲಸ ಬಿಡುವಾಗ ಕೊಡುವ ಇಡುಗಂಟು, ಗ್ರಾಚ್ಯುಟಿ 24,050, ಅಂದರೆ ಮೂಲ ವೇತನದ ನೂರಕ್ಕೆ 4.81ರ ಲೆಕ್ಕ. ಅದು ಕೈಗೆ ಬರಬೇಕಾದರೆ 5 ವರ್ಷ ಅಲ್ಲೇ ಇರಬೇಕು. ಆ ಕಂಪನಿ ಹುಟ್ಟಿಯೇ ಮೂರು ವರ್ಷ. ಆರೋಗ್ಯ ವಿಮೆ 20,000. ಕಾಯಿಲೆ ಬಿದ್ದರೆ ಉಪಯೋಗ, ಬೀಳುವ ವ್ಯವಸ್ಥೆಯನ್ನೂ ಅವರೇ ಮಾಡುತ್ತಾರೆ. ಪಿಎಫ್‌ಗೆ ಕಂಪನಿ ಹಾಕುವುದು 60,000. "ಇದು ನೀರಲ್ಲ ಬಿಡಿ, ಹೆಪ್ಪು ಹಾಕಿಟ್ಟ ಹಾಲು. ಆದರೆ ಈಗ ಕುಡಿಯೋಕೆ ಸಿಗಲ್ಲ."

ಇಷ್ಟನ್ನೂ ಕಳೆದು, ಅವನ ಪಾಲಿನ ಪಿಎಫ್ 5,000, ವೃತ್ತಿ ತೆರಿಗೆ 200 ತೆಗೆದರೆ ತಿಂಗಳಿಗೆ ಕೈಗೆ ಬರುವುದು ಸುಮಾರು 82,800. ಈಗಿನ ಕಂಪನಿಯಲ್ಲಿ ಬೋನಸ್ ಇಲ್ಲ, ವೇರಿಯಬಲ್ ಇಲ್ಲ, ನೀರು ಹಾಕುವಷ್ಟು ಬುದ್ಧಿಯೂ ಅವರಿಗಿಲ್ಲ. ಕೈಗೆ 66,200 ಬರುತ್ತೆ. ವರ್ಷಕ್ಕೆ 5 ಲಕ್ಷ ಜಾಸ್ತಿ ಅಂದರೆ ತಿಂಗಳಿಗೆ 41,000 ಚಿಲ್ಲರೆ ಅಂತ ಅಕ್ಕ ಆಗಲೇ ಆಂಟಿಗೆ ಹೇಳಿಬಿಟ್ಟಿದ್ದಳು. ಅಳೆದ ಮೇಲೆ ಉಳಿದಿದ್ದು 16,600.

"ಆಯ್ತಪ್ಪ, 16,600 ಅಂದ್ರೆ ಸುಮ್ನೇನಾ?" ಅಂದರು ಭಾವ. ಬ್ಯಾಂಕಿನವರು, ಸುಲಭಕ್ಕೆ ಬಿಡುವುದಿಲ್ಲ.

ಸುಮ್ನೆ ಅಲ್ಲ. ಆದರೆ ಅದನ್ನು ಯಾವುದಕ್ಕೆ ಕೊಡುತ್ತಾರೆ ಅನ್ನುವುದು ನನ್ನ ತಲೆ ಕೊರೆಯಿತು. ಈಗ ಹುಡುಗ ಸ್ಕೂಟರಲ್ಲಿ ಹದಿನೈದು ನಿಮಿಷಕ್ಕೆ ಆಫೀಸು ಸೇರುತ್ತಾನೆ. ಮುಂದೆ ಬಿಟಿಎಂ, ಸಿಲ್ಕ್ ಬೋರ್ಡ್, ಅಗರ, ಇಬ್ಬಲೂರು ದಾಟಬೇಕು. ಹೋಗೋಕೆ ಒಂದೂವರೆ ಗಂಟೆ, ಬರೋಕೆ ಒಂದೂವರೆ. ದಿನಕ್ಕೆ ಎರಡೂವರೆ ಗಂಟೆ ಜಾಸ್ತಿ. ತಿಂಗಳಿಗೆ 22 ದಿನ ಹಿಡಿದರೆ 55 ಗಂಟೆ. 16,600ನ್ನು 55ರಿಂದ ಭಾಗಿಸಿ. ಗಂಟೆಗೆ 300 ರೂಪಾಯಿ.

ಆಗ ನನಗೆ ಈ ಊರಿನ ಗುಟ್ಟು ಹೊಳೆಯಿತು. ಹೈಕ್ ಕೊಡುವುದು ಕೆಲಸಕ್ಕಲ್ಲ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ನಿಂತಿರುವುದಕ್ಕೆ. ಅದು ನಿಂತ ಕೂಲಿ, ಪೆಟ್ರೋಲ್ ನಮ್ಮದೇ. 2022ರಲ್ಲಿ ಬೆಂಗಳೂರಿನ ನಡುವೆ 10 ಕಿಲೋಮೀಟರ್ ಹೋಗಲು ಸರಾಸರಿ 29 ನಿಮಿಷ 10 ಸೆಕೆಂಡ್ ಬೇಕು ಅಂತ ಟಾಮ್‌ಟಾಮ್ ಅನ್ನುವ ನಕ್ಷೆ ಕಂಪನಿಯವರು ಲೆಕ್ಕ ಹಾಕಿ, ನಿಧಾನಗತಿಯಲ್ಲಿ ಜಗತ್ತಿಗೇ ಎರಡನೇ ಸ್ಥಾನ ಕೊಟ್ಟಿದ್ದರು. ಆ ಹತ್ತು ಸೆಕೆಂಡನ್ನೂ ಬಿಡದೆ ಅಳೆದ ಪುಣ್ಯಾತ್ಮರು ಯಾರೋ! ಅದೇ ವರ್ಷ ಸೆಪ್ಟೆಂಬರ್ ಮಳೆಗೆ ಹೊರವರ್ತುಲ ರಸ್ತೆ ಕೆರೆಯಾಗಿ, ದೊಡ್ಡ ಪ್ಯಾಕೇಜಿನವರೆಲ್ಲ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರು. ನಮ್ಮ ಹುಡುಗ ಆ ವಾರ ಮದ್ದೂರಿನಲ್ಲಿದ್ದ. ಅಲ್ಲಿ ಟ್ರ್ಯಾಕ್ಟರ್ ಮೇಲೆ ಕಬ್ಬು ಹೋಗುತ್ತಿತ್ತು.

ಹಾಗಾದರೆ ಬೆಳ್ಳಂದೂರಲ್ಲೇ ಮನೆ ಮಾಡಬಹುದಲ್ವಾ? ಮಾಡಬಹುದು. ಬಾಡಿಗೆಯ ಹತ್ತು ಪಟ್ಟು ಅಡ್ವಾನ್ಸ್ ಕೇಳುವ ಮಾಲೀಕರು ಇನ್ನೂ ಇದ್ದಾರೆ. ಹೋಗುವಾಗ ಪೇಂಟಿಂಗ್ ಅಂತ ಒಂದು ತಿಂಗಳದ್ದು ಮುರಿದುಕೊಳ್ಳುತ್ತಾರೆ. ಬಾಡಿಗೆ ವಿಷಯ ಬಂತಲ್ಲ, ಒಂದು ಮಾತು. ಮನೆ ಬಾಡಿಗೆ ಭತ್ಯೆಯ ತೆರಿಗೆ ವಿನಾಯಿತಿ ಲೆಕ್ಕ ಹಾಕಲು 1962ರ ಆದಾಯ ತೆರಿಗೆ ನಿಯಮದಲ್ಲಿ ನಾಲ್ಕೇ ಊರಿಗೆ ಸಂಬಳದ ಅರ್ಧದ ಮಿತಿ ಇತ್ತು: ಮುಂಬೈ, ಕೋಲ್ಕತ್ತ, ದೆಹಲಿ, ಚೆನ್ನೈ. ಬೆಂಗಳೂರು ಮಿಕ್ಕ ಊರುಗಳ ಜೊತೆ ನೂರಕ್ಕೆ 40ರ ಸಾಲಿನಲ್ಲಿತ್ತು. 2011ರ ಅಕ್ಟೋಬರ್ 20ರಂದು ಇಲ್ಲಿ ಮೆಟ್ರೋ ರೈಲೇ ಓಡಿತು. ಆಮೇಲೂ ಎಷ್ಟೋ ವರ್ಷ ತೆರಿಗೆಯವರ ಕಣ್ಣಿಗೆ ಇದು ಮೆಟ್ರೋ ನಗರ ಆಗಿರಲಿಲ್ಲ. ಮನೆ ಮಾಲೀಕರಿಗೆ ಮಾತ್ರ ಆ ವಿಷಯ ಯಾರೂ ತಿಳಿಸಲಿಲ್ಲ.

ಅಕ್ಕ ಕೊನೆಯ ಬಾಣ ಬಿಟ್ಟಳು. "ಖುಷಿ ಅಲ್ಲೂ ಇದೆಯಂತಲ್ಲೋ. ಆಟ ಆಡೋಕೆ ಟೇಬಲ್ ಇದೆಯಂತೆ. ಮಲಗೋಕೆ ದೊಡ್ಡ ದೊಡ್ಡ ದಿಂಬು ಇದೆಯಂತೆ."

ಇದೆ. ಬೀನ್ ಬ್ಯಾಗ್ ಇದೆ, ಫನ್ ಫ್ರೈಡೇ ಇದೆ, ನವೆಂಬರಿನಲ್ಲಿ ಪಂಚೆ ಉಟ್ಟು ಫೋಟೋ ತೆಗೆಸಿಕೊಳ್ಳುವ ಎಥ್ನಿಕ್ ಡೇ ಇದೆ. ವರ್ಷಕ್ಕೆರಡು ಸಲ 'ನೀವು ಎಷ್ಟು ಖುಷಿಯಾಗಿದ್ದೀರಿ' ಅಂತ ಸರ್ವೆ ಬರುತ್ತೆ. ಹೆಸರು ಹೇಳಬೇಕಿಲ್ಲ, ಎಂಪ್ಲಾಯಿ ನಂಬರ್ ಹಾಕಿ ಒಳಗೆ ಬಂದರೆ ಸಾಕು. ಖುಷಿ ಕಡಿಮೆ ಅಂದವರಿಗೆ ಶನಿವಾರ ಖುಷಿಯಾಗಿರುವುದು ಹೇಗೆ ಅಂತ ಕ್ಲಾಸು. ಶನಿವಾರವೇ ಅವರ ಖುಷಿ ಅಂತ ಯಾರಿಗೂ ಹೊಳೆಯುವುದಿಲ್ಲ.

ಹುಡುಗ ಇಲ್ಲೊಂದು ಡೈರಿ ವಿಷಯ ಹೇಳಿದ. ಹಾಲಿಗೆ ನೀರು ಹಾಕಿದರೆ ಸಾಂದ್ರತೆ ಇಳಿಯುತ್ತೆ, ಲ್ಯಾಕ್ಟೋಮೀಟರ್ ಹಿಡಿದುಬಿಡುತ್ತೆ. ಆದರೆ ಕೆನೆ ತೆಗೆದರೆ ಸಾಂದ್ರತೆ ಏರುತ್ತೆ. ಹಾಗಾಗಿ ಮೊದಲು ಕೆನೆ ತೆಗೆದು, ಆಮೇಲೆ ಹದವಾಗಿ ನೀರು ಬೆರೆಸಿದರೆ ಲ್ಯಾಕ್ಟೋಮೀಟರ್ ಕೂಡ ಸರಿ ಅನ್ನುತ್ತೆ. ಅದಕ್ಕೇ ಫ್ಯಾಟನ್ನು ಬೇರೆಯಾಗಿ ನೋಡಬೇಕು. "ಅವರ ಸರ್ವೆನೂ ಹಾಗೇ ಮಾಮ. ಸಂಜೆ ಅನ್ನೋ ಕೆನೆ ತೆಗೆದುಬಿಟ್ಟು ಪಿಜ್ಜಾ ಬೆರೆಸ್ತಾರೆ. ರೀಡಿಂಗ್ ಸರಿಯಾಗೇ ಬರುತ್ತೆ."

ಇಷ್ಟು ಓದಿ ನೀವು ಹುಡುಗನ ಸಣ್ಣ ಕಂಪನಿಗೆ ಜೈ ಅಂದುಬಿಡಬೇಡಿ. ಅಲ್ಲಿನ ಯಜಮಾನರೂ ಕಮ್ಮಿಯಿಲ್ಲ. ಎರಡು ವರ್ಷದಿಂದ ಒಂದು ರೂಪಾಯಿ ಏರಿಸಿಲ್ಲ. ಕೇಳಿದಾಗಲೆಲ್ಲ ಭುಜ ತಟ್ಟಿ, "ನಿನ್ನ ಥರ ಇಷ್ಟಪಟ್ಟು ಕೆಲಸ ಮಾಡೋರು ಎಲ್ಲಿ ಸಿಗ್ತಾರಪ್ಪ" ಅನ್ನುತ್ತಾರಂತೆ. ಇಷ್ಟವೇ ಇಂಕ್ರಿಮೆಂಟು. ಅದನ್ನು ಬಾಡಿಗೆಗೆ ಕೊಡೋಕೆ ಬರಲ್ಲ, ದರ್ಶಿನಿಯಲ್ಲಿ ಕೊಟ್ಟರೆ ಕಾಫಿಯೂ ಸಿಗಲ್ಲ.

ಈ ವಿದ್ಯೆ ಆ ಯಜಮಾನರು ಕಂಡುಹಿಡಿದದ್ದೂ ಅಲ್ಲ. ವಿಧಾನಸೌಧದ ಹಣೆಯ ಮೇಲೇ ಬರೆದಿದೆ, ಸರ್ಕಾರದ ಕೆಲಸ ದೇವರ ಕೆಲಸ ಅಂತ. ದೇವರ ಕೆಲಸ ಅಂದಮೇಲೆ ಕೂಲಿ ಕೇಳಬಾರದು ಅಲ್ವಾ? ಕೇಳುವವರು ಅಲ್ಲಿಂದ ಸ್ವಲ್ಪ ದೂರದ ಫ್ರೀಡಂ ಪಾರ್ಕಿಗೆ ಬರಬೇಕು. ಅಂಗನವಾಡಿಯ ಅಮ್ಮಂದಿರು, ಆಶಾ ಕಾರ್ಯಕರ್ತೆಯರು, ಅತಿಥಿ ಉಪನ್ಯಾಸಕರು ಅಲ್ಲಿ ಬಂದು ಕೂರುತ್ತಾರೆ. ಅವರಿಗೆ ಸಿಗುವುದಕ್ಕೆ ಸಂಬಳ ಅಂತ ಹೆಸರೂ ಇಲ್ಲ, ಗೌರವಧನ. ಗೌರವ ಮೊದಲು, ಧನ ಆಮೇಲೆ, ಅದೂ ತಿಂಗಳುಗಟ್ಟಲೆ ಆಮೇಲೆ. ಫ್ರೀಡಂ ಪಾರ್ಕ್ ಮುಂಚೆ ಸೆಂಟ್ರಲ್ ಜೈಲಾಗಿತ್ತು. ಮಗುವಿಗೆ ಅಕ್ಷರ ಕಲಿಸುವವರು ಹಳೇ ಜೈಲಿನ ಅಂಗಳದಲ್ಲಿ ಕೂತು 'ನಮಗೂ ಹೊಟ್ಟೆ ಇದೆ' ಅನ್ನಬೇಕು. ಬಟನ್ ಬಚ್ಚಿಡುವವರಿಗೆ ಹೊಟ್ಟೆಯೂ ತುಂಬಬೇಕು, ಜೊತೆಗೆ ಖುಷಿ ಇದೆಯಾ ಅಂತ ಸರ್ವೆಯೂ ಬರಬೇಕು. ಈ ಊರಿನಲ್ಲಿ ಖುಷಿಯ ಪಡಿತರ ಹಂಚುವವರು ಯಾರೋ ಗೊತ್ತಿಲ್ಲ, ಚೀಟಿ ಮಾತ್ರ ಅದಲು ಬದಲಾಗಿದೆ.

ನನ್ನನ್ನು ಕೇಳಿದರೆ? ಯಾರೂ ಕೇಳಲಿಲ್ಲ. ನಾನು ಸ್ವಂತ ಕಾಲಂ ಬರೆಯುವವನು, ಸಂಬಳದ ಬಗ್ಗೆ ಮಾತಾಡುವ ಅರ್ಹತೆ ಈ ಮನೆಯಲ್ಲಿ ನನಗೆ ಇಲ್ಲ.

ಹನ್ನೊಂದೂವರೆಗೆ ಹುಡುಗನ ಫೋನ್ ಹೊಡೆದುಕೊಂಡಿತು. ಆ ದೊಡ್ಡ ಕಂಪನಿಯ ಎಚ್‌ಆರ್ ಮೇಡಂ. ಭಾನುವಾರ! ಅವರಿಗೂ ಅವರ ಕೆಲಸ ಇಷ್ಟವೇನೋ. ಅಕ್ಕ ಕಣ್ಣಲ್ಲೇ ಅಪ್ಪಣೆ ಕೊಟ್ಟಳು, ಸ್ಪೀಕರ್ ಹಾಕು ಅಂತ.

"ಆಫರ್ ನೋಡಿದ್ರಾ? ಯಾವಾಗ ಜಾಯಿನ್ ಆಗ್ತೀರಾ? ನೋಟಿಸ್ ಪೀರಿಯಡ್ 90 ದಿನಾನಾ?"

"ಇಲ್ಲ ಮೇಡಂ, 30 ದಿನ. ಆದರೆ ನಾನು ಬರ್ತಿಲ್ಲ."

"ಬೇರೆ ಆಫರ್ ಇದೆಯಾ?"

"ಇಲ್ಲ ಮೇಡಂ. ನನಗೆ ಈಗಿನ ಕೆಲಸ ಇಷ್ಟ. ಅದಕ್ಕೆ."

ಆ ಕಡೆ ಸದ್ದಿಲ್ಲ. ಭಾವ ಕಣ್ಣು ಮುಚ್ಚಿಕೊಂಡರು. ಆಂಟಿ ಕಾಫಿ ಲೋಟ ಕೆಳಗಿಟ್ಟರು. ಮೇಡಂ ಗಂಟಲು ಸರಿಮಾಡಿಕೊಂಡರು.

"ನೋಡಿ, ಹೀಗೆ ಸುತ್ತಿ ಬಳಸಿ ಬೇಡ. ನೇರವಾಗಿ ಮಾತಾಡೋಣ. 16 ಮಾಡ್ಕೊಡ್ತೀನಿ. ಇವತ್ತು ಸಂಜೆಯೊಳಗೆ ಹೇಳಿ." ಫೋನ್ ಇಟ್ಟರು.

ಹುಡುಗ ನನ್ನ ಮುಖ ನೋಡಿದ. ನಾನು ಟೀಪಾಯ್ ಮೇಲಿನ ಲೆಕ್ಕದ ಹಾಳೆ ನೋಡಿದೆ. ಹೊಸ 2 ಲಕ್ಷದಲ್ಲಿ ನೀರೆಷ್ಟು ಅಂತ ಭಾವ ಆಗಲೇ ಪೆನ್ನು ಹಿಡಿದು ಖುಷಿಯಿಂದ ಕೂಡಿಸಲು ಶುರು ಮಾಡಿದ್ದರು. ಅಕ್ಕ ಮಾತ್ರ ಮಗನ ಹತ್ತಿರ ಸರಿದು ಕೂತು, ತಲೆ ಸವರಿ, ಬೆಳಗ್ಗೆಯಿಂದ ಮೊದಲ ಸಲ ಪ್ರೀತಿಯಿಂದ ಮಾತಾಡಿದಳು.

"ಸಂಜೆ ಅವರು ಮತ್ತೆ ಫೋನ್ ಮಾಡಿದ್ರೆ, ತುಂಬಾ ತುಂಬಾ ಇಷ್ಟ ಅಂತ ಹೇಳು, ಆಯ್ತಾ ಮಗು?"