ಸುತ್ತಲೂ ಒಂದಿಂಚು ಸೇರಿಸಿದರೆ ಬ್ಲೌಸ್ ಸರಿಹೋಗುವುದಿಲ್ಲ

ಮೈ ತುಂಬಿಕೊಂಡವರ ಬ್ಲೌಸ್‌ಗೆ ಪೇಪರ್ ಕಟಿಂಗಿನ (ಬಟ್ಟೆ ಕತ್ತರಿಸಲು ಇಡುವ ಕಾಗದದ ಅಚ್ಚು) ಸುತ್ತಲೂ ಒಂದಿಂಚು ಸೇರಿಸಿದರೆ ಸಾಕು ಎಂಬ ಸಲಹೆ ವಾಟ್ಸ್ಯಾಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು.

ಮೈ ದಪ್ಪಗಾದ ಮಾತ್ರಕ್ಕೆ ಭುಜದ ಮೂಳೆ ಉದ್ದವಾಗುವುದಿಲ್ಲ, ಅಲ್ವಾ? ಸುತ್ತಲೂ ಸೇರಿಸಿದರೆ ಭುಜ ತೋಳಿನ ಮೇಲೆ ಜಾರುತ್ತದೆ. ಎದೆಯ ಹತ್ತಿರ ಮಾತ್ರ ಹುಕ್ಕು ಎಳೆಯುತ್ತಲೇ ಇರುತ್ತದೆ. ಆಮೇಲೆ ಬೈಸಿಕೊಳ್ಳುವುದು ಟೈಲರ್!

ಎರಡು ಅಳತೆ ತೆಗೆದುಕೊಳ್ಳಿ. ಒಂದು, ಟೇಪನ್ನು ಕಂಕುಳಿಗೆ ತಾಗಿಸಿ ಎದೆಯ ಮೇಲ್ಭಾಗದಲ್ಲಿ. ಇನ್ನೊಂದು, ಎದೆ ತುಂಬಿರುವ ಕಡೆ. ಭುಜ, ಕುತ್ತಿಗೆಗೆ ಮೊದಲಿನದನ್ನು ನೋಡಿ ಕಟಿಂಗ್ ಆರಿಸಿ. ಅದರಲ್ಲಿ ಎದೆ ಸುತ್ತಳತೆ 40 ಇದ್ದು ನಿಮಗೆ 42 ಬೇಕಾದರೆ, ಆ 2 ಇಂಚು ಮುಂಭಾಗಕ್ಕೇ ಸೇರಬೇಕು. ಎಡ, ಬಲ ಒಂದೊಂದು ಇಂಚು. ಮುಂಭಾಗದ ಪೇಪರನ್ನು ಕೆಳಗೆ ಮಡಚಿ ಹೊಲಿಯುವ ಟಕ್ಸ್‌ನಿಂದ ಎದೆಯ ತುದಿವರೆಗೆ, ಅಲ್ಲಿಂದ ಕಂಕುಳ ಕಡೆಗೆ ಕತ್ತರಿಸಿ. ಕಂಕುಳ ಅಂಚಿನಲ್ಲಿ ಕೂದಲೆಳೆಯಷ್ಟು ಕತ್ತರಿಸದೆ ಬಿಡಿ. ಬಿಡಿಸಿ ಅಗಲ ಮಾಡಿ, ಕೆಳಗೆ ಪೇಪರ್ ಅಂಟಿಸಿ. ಟಕ್ಸ್ ಅಗಲವಾಗುತ್ತದೆ, ಆಗಲಿ. ಎದೆಗೆ ಜಾಗ ಸಿಗುವುದೇ ಅದರಿಂದ. ಬೆನ್ನಿನ ಪೇಪರ್ ಮುಟ್ಟಬೇಡಿ.

ಹಾಗೇ, ಸಡಿಲ ಹೊಲಿಸಿದರೆ ತೆಳ್ಳಗೆ ಕಾಣುತ್ತೇವೆ ಎನ್ನುವುದೂ ಸುಮ್ನೆ ಮಾತು. ಜಾಸ್ತಿ ಬಟ್ಟೆ ಮಡಿಕೆ ಬಿದ್ದು ಇನ್ನೂ ದಪ್ಪ ಕಾಣಿಸುತ್ತದೆ.